ಪುಟ್ಟ ವಿಮಾನದಲ್ಲಿ ಮಿಂಚು ಪತ್ತೆ ಉಪಕರಣ: ಪರದೆಯ ಚುಕ್ಕಿಗಳನ್ನು ಓದುವುದು ಹೇಗೆ?

ಗುಡುಗು ಮಳೆಯ ದಿನ ಹಳೆಯ ಮೀಡಿಯಂ ವೇವ್ ರೇಡಿಯೊ ಹಾಕಿ ನೋಡಿ. ಹಾಡಿನ ಮಧ್ಯೆ ಕರ್ ಕರ್ ಅಂತ ಸದ್ದು ಬರುತ್ತದೆ. ಎಲ್ಲೋ ದೂರದಲ್ಲಿ ಹೊಡೆದ ಮಿಂಚಿನ ಸದ್ದು ಅದು. ಗುಡುಗು ಕಿವಿಗೆ ಬೀಳದಷ್ಟು ದೂರವಿದ್ದರೂ ರೇಡಿಯೊಗೆ ಅದು ಕೇಳಿಸುತ್ತದೆ. ಹಳೆಯ ಪೈಲಟ್‌ಗಳಿಗೆ ಇದು ಚೆನ್ನಾಗಿ ಗೊತ್ತಿತ್ತು. ದಾರಿ ತೋರಿಸಲು ಇಟ್ಟುಕೊಂಡ ಎಡಿಎಫ್ ಮುಳ್ಳು, ಗುಡುಗು ಮೋಡ ಹತ್ತಿರವಿದ್ದಾಗ ರೇಡಿಯೊ ಕೇಂದ್ರವನ್ನು ಬಿಟ್ಟು ಮೋಡದ ಕಡೆಗೇ ತಿರುಗಿಬಿಡುತ್ತಿತ್ತು. ಉಪಕರಣದ ಆ ದೋಷವೇ ಮುಂದೆ ಒಂದು ಹೊಸ ಉಪಕರಣಕ್ಕೆ ದಾರಿಯಾಯಿತು. 1970ರ ದಶಕದಲ್ಲಿ ಅಮೆರಿಕದ ಪಾಲ್ ರಯಾನ್ ಸಣ್ಣ ವಿಮಾನಗಳಿಗೆಂದೇ ಸ್ಟಾರ್ಮ್‌ಸ್ಕೋಪ್ ಅನ್ನುವ ಮಿಂಚು ಪತ್ತೆ ಉಪಕರಣ ತಂದರು. ರಾಡಾರ್ ಹೊರಲಾಗದ ಒಂಟಿ ಎಂಜಿನ್ ವಿಮಾನಕ್ಕೂ ಗುಡುಗು ಮೋಡ ಯಾವ ಕಡೆ ಇದೆ ಅಂತ ತಿಳಿಯುವ ದಾರಿ ಸಿಕ್ಕಿತು.

ಇಂಥ ಉಪಕರಣವಿರುವ ವಿಮಾನ ಓಡಿಸುವವರಿಗೆ, ಅಥವಾ ಹಾಕಿಸಬೇಕು ಅಂದುಕೊಂಡಿರುವವರಿಗೆ ಈ ಬರಹ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಮೋಡಗಳ ನಡುವೆ ಸಂದು ಹುಡುಕಿಕೊಡುವ ಸಾಧನ ಅಲ್ಲ. ದೂರದಲ್ಲಿದ್ದಾಗಲೇ "ಆ ಕಡೆ ಬೇಡ" ಅಂತ ಹೇಳುವ ಸಾಧನ. ಮುಂದೆ ಬರುವ ಹಂತಗಳೆಲ್ಲ ಇದರ ಮೇಲೆಯೇ ನಿಂತಿವೆ.

ಕೇಳಿಸಿಕೊಳ್ಳುವುದು ಒಂದೇ ಕಿವಿಯಿಂದ

ಬಳಸುವ ಮೊದಲು ಒಳಗೆ ಏನು ನಡೆಯುತ್ತದೆ ಅಂತ ಸ್ವಲ್ಪ ತಿಳಿದಿರಬೇಕು. ಇಲ್ಲದಿದ್ದರೆ ಪರದೆ ಹೇಳಿದ್ದನ್ನೆಲ್ಲ ನಂಬಿಬಿಡುತ್ತೇವೆ.

ಮಿಂಚು ಹೊಡೆದಾಗ ರೇಡಿಯೊ ಅಲೆಗಳು ಹೊಮ್ಮುತ್ತವೆ. ಕಡಿಮೆ ಕಂಪನಾಂಕದಲ್ಲಿ ಅವು ಜೋರಾಗಿರುತ್ತವೆ. ಸ್ಟಾರ್ಮ್‌ಸ್ಕೋಪ್ ಕಿವಿಗೊಡುವುದು ಸುಮಾರು 50 ಕಿಲೋಹರ್ಟ್ಸ್ ಆಸುಪಾಸಿನಲ್ಲಿ. ಆಂಟೆನಾದೊಳಗೆ ಒಂದಕ್ಕೊಂದು ಅಡ್ಡಲಾಗಿ ಕೂರಿಸಿದ ಎರಡು ಸುರುಳಿಗಳಿವೆ. ಯಾವ ಸುರುಳಿಗೆ ಎಷ್ಟು ಜೋರಾಗಿ ಕೇಳಿಸಿತು ಅನ್ನುವುದನ್ನು ಹೋಲಿಸಿ ದಿಕ್ಕು ಗೊತ್ತುಮಾಡುತ್ತಾರೆ. ಆದರೆ ಸುರುಳಿಗಳಿಗೆ ಹಿಂದೆ ಯಾವುದು, ಮುಂದೆ ಯಾವುದು ತಿಳಿಯುವುದಿಲ್ಲ. ಅದನ್ನು ಬಿಡಿಸಲು ಜೊತೆಯಲ್ಲಿ ಇನ್ನೊಂದು ಸಣ್ಣ ಆಂಟೆನಾ ಇರುತ್ತದೆ. ಹೀಗಾಗಿ ದಿಕ್ಕಿನ ವಿಷಯದಲ್ಲಿ ಈ ಉಪಕರಣ ಸಾಕಷ್ಟು ನಂಬಿಕಸ್ತ.

ದೂರದ ಲೆಕ್ಕ ಮಾತ್ರ ಬೇರೆ. ನೆಲದ ಮೇಲಿನ ಮಿಂಚು ಪತ್ತೆ ಜಾಲಗಳಲ್ಲಿ ಹಲವು ಕೇಂದ್ರಗಳಿರುತ್ತವೆ. ಒಂದೇ ಮಿಂಚು ಯಾವ ಕೇಂದ್ರಕ್ಕೆ ಯಾವ ಕ್ಷಣ ಕೇಳಿಸಿತು ಅಂತ ನೋಡಿ, ಅದು ಹೊಡೆದ ಜಾಗವನ್ನು ಕೆಲವು ನೂರು ಮೀಟರ್‌ಗಳ ಒಳಗೆ ಹೇಳಿಬಿಡುತ್ತವೆ. ವಿಮಾನದಲ್ಲಿರುವುದು ಒಂದೇ ಕಿವಿ. ಸದ್ದು ಜೋರಾಗಿದ್ದರೆ ಹತ್ತಿರ, ಮೆತ್ತಗಿದ್ದರೆ ದೂರ ಅಂತ ಅಂದಾಜು ಮಾಡುತ್ತದೆ. ಜೊತೆಗೆ ಸದ್ದಿನ ಆಕಾರವನ್ನೂ ಮಾದರಿಗಳ ಜೊತೆ ಹೋಲಿಸುತ್ತದೆ, ಅಷ್ಟೇ. ಮಿಂಚುಗಳೆಲ್ಲ ಒಂದೇ ಅಳತೆಯವಲ್ಲವಲ್ಲ? ನೆಲಕ್ಕೆ ಬಡಿಯುವ ಸಾಧಾರಣ ಸಿಡಿಲಿನ ಹರಿವು 30,000 ಆಂಪಿಯರ್ ಆಸುಪಾಸು. ಕೆಲವು 1 ಲಕ್ಷ ದಾಟುತ್ತವೆ. ಭಾರೀ ಸಿಡಿಲು 80 ಮೈಲಿ ದೂರದಲ್ಲಿ ಹೊಡೆದರೂ ಅದನ್ನು ತೋರಿಸುವ ಚುಕ್ಕಿ ಪರದೆಯಲ್ಲಿ 50 ಮೈಲಿಗೆ ಕಾಣಬಹುದು. ಹತ್ತಿರದ ಬಡಪಾಯಿ ಮಿಂಚು ದೂರಕ್ಕೆ ಹೋಗಿ ಕೂರಬಹುದು.

ಇದರಿಂದ ಒಂದೇ ಮೋಡದ ಚುಕ್ಕಿಗಳು ಒಂದು ಕಡೆ ಗುಂಪಾಗುವ ಬದಲು ಗಾಡಿ ಚಕ್ರದ ಅರೆಕಾಲಿನ ಹಾಗೆ ನಡುವಿನಿಂದ ಅಂಚಿಗೆ ಉದ್ದಕ್ಕೆ ಹರಡುತ್ತವೆ. ಉದ್ದನೆಯ ಸಾಲು ಕಂಡ ಕೂಡಲೇ ಅಷ್ಟುದ್ದಕ್ಕೂ ಮೋಡವಿದೆ ಅಂದುಕೊಳ್ಳಬೇಡಿ. ಆ ದಿಕ್ಕಿನಲ್ಲಿ ಒಂದು ಮೋಡ ಖಂಡಿತ ಇದೆ, ಎಷ್ಟು ದೂರ ಅನ್ನುವುದು ಅಂದಾಜು. ದಿಕ್ಕನ್ನು ನಂಬಿ, ದೂರವನ್ನು ಅನುಮಾನಿಸಿ.

ಮಿಂಚಿಗೂ ವಿಮಾನದ ಕುಲುಕಾಟಕ್ಕೂ ಏನು ಸಂಬಂಧ? ಜೋರಾಗಿ ಮೇಲೇರುವ ಗಾಳಿ ನೀರಿನ ಹನಿಗಳನ್ನು ಹೆಪ್ಪುಗಟ್ಟುವ ಎತ್ತರಕ್ಕಿಂತ ಮೇಲಕ್ಕೆ ಒಯ್ಯುತ್ತದೆ. ಅಲ್ಲಿ ಮಂಜಿನ ಹರಳುಗಳೂ ಮೆತ್ತನೆಯ ಆಲಿಕಲ್ಲುಗಳೂ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಆಗ ವಿದ್ಯುತ್ತು ಬೇರ್ಪಡುತ್ತದೆ. ಅಂದರೆ ಮಿಂಚು ಇದೆ ಅಂದರೆ ಅಲ್ಲಿ ಬಲವಾದ ಏರುಗಾಳಿ ಇದೆ, ಅದರ ಪಕ್ಕದಲ್ಲೇ ಇಳಿಗಾಳಿಯೂ ಇರುತ್ತದೆ. ಎರಡರ ನಡುವೆ ಸಿಕ್ಕಿಕೊಂಡ ಸಣ್ಣ ವಿಮಾನದ ಗತಿ ಹೇಳಬೇಕಾಗಿಲ್ಲ.

ಹಂತ 1: ನಿಮ್ಮ ವಿಮಾನದಲ್ಲಿ ಇರುವುದು ಯಾವುದು?

ಎರಡು ಬಗೆಯ ಮಾಹಿತಿ ಪರದೆಯ ಮೇಲೆ ಒಂದೇ ಥರ ಕಾಣುತ್ತದೆ. ಜನ ಇಲ್ಲೇ ಎಡವುವುದು.

ಒಂದು, ವಿಮಾನದ ಸ್ವಂತ ಆಂಟೆನಾ ಈಗಿಂದೀಗಲೇ ಕೇಳಿಸಿಕೊಂಡದ್ದು. ಸ್ಟಾರ್ಮ್‌ಸ್ಕೋಪ್ ಡಬ್ಲ್ಯುಎಕ್ಸ್-900, ಡಬ್ಲ್ಯುಎಕ್ಸ್-1000, ಇನ್‌ಸೈಟ್ ಕಂಪನಿಯ ಸ್ಟ್ರೈಕ್ ಫೈಂಡರ್ ಇವಕ್ಕೆ ತಮ್ಮದೇ ಪರದೆ ಇದೆ. ಡಬ್ಲ್ಯುಎಕ್ಸ್-500ಕ್ಕೆ ಸ್ವಂತ ಪರದೆ ಇಲ್ಲ. ಅದೊಂದು ಡಬ್ಬಿ. ಬಾಲದ ಕಡೆ ಎಲ್ಲೋ ಕೂತು ಗಾರ್ಮಿನ್‌ನಂಥ ನಕ್ಷೆಯ ಪರದೆಗೆ ಚುಕ್ಕಿಗಳನ್ನು ಕಳಿಸುತ್ತದೆ.

ಎರಡನೆಯದು, ನೆಲದ ಜಾಲ ಪತ್ತೆ ಮಾಡಿದ್ದನ್ನು ಉಪಗ್ರಹದ ಮೂಲಕವೋ ನೆಲದ ಕೇಂದ್ರಗಳಿಂದ ವಿಮಾನಗಳಿಗೆ ಮಾಹಿತಿ ಕಳಿಸುವ ಎಡಿಎಸ್-ಬಿ ರೇಡಿಯೊ ವ್ಯವಸ್ಥೆಯ ಮೂಲಕವೋ ಕಳಿಸಿಕೊಡುವುದು. ಜಾಗದ ಲೆಕ್ಕದಲ್ಲಿ ಇದು ನಿಮ್ಮ ಆಂಟೆನಾಗಿಂತ ಎಷ್ಟೋ ನಿಖರ. ಆದರೆ ತಲುಪುವ ಹೊತ್ತಿಗೆ ಹಳಸಿರುತ್ತದೆ. ಇದೇ ದಾರಿಯಲ್ಲಿ ಬರುವ ನೆಲದ ರಾಡಾರ್ ಚಿತ್ರದ ವಿಷಯದಲ್ಲಂತೂ ಇದು ಇನ್ನೂ ಕೆಟ್ಟದ್ದು. ಪರದೆಯಲ್ಲಿ ಬರೆದ ವಯಸ್ಸಿಗಿಂತ ಚಿತ್ರ 15ರಿಂದ 20 ನಿಮಿಷ ಹೆಚ್ಚು ಹಳೆಯದಾಗಿರಬಹುದು ಅಂತ ಅಮೆರಿಕದ ಅಪಘಾತ ತನಿಖಾ ಮಂಡಳಿ ಎನ್‌ಟಿಎಸ್‌ಬಿ 2012ರಲ್ಲಿ ಪೈಲಟ್‌ಗಳನ್ನು ಎಚ್ಚರಿಸಿತು. 20 ನಿಮಿಷದಲ್ಲಿ ಒಂದು ಗುಡುಗು ಮೋಡ ಹುಟ್ಟಿ ಬೆಳೆದು ನಿಲ್ಲಬಹುದು.

ಹಾಗಾಗಿ ನೂರಾರು ಮೈಲಿಯ ಯೋಜನೆಗೆ ಕಳಿಸಿದ ಚಿತ್ರ, ಈ ಕ್ಷಣ ಮುಂದೆ ಏನಿದೆ ಅನ್ನುವುದಕ್ಕೆ ನಿಮ್ಮ ಆಂಟೆನಾ. ಪರದೆಯಲ್ಲಿ ಯಾವ ಗುರುತು ಯಾವುದರದು ಅಂತ ನೆಲದ ಮೇಲೆ ಕೂತು, ಕೈಪಿಡಿ ತೆರೆದು ಒಮ್ಮೆ ನೋಡಿಕೊಳ್ಳಿ. ಹಾರುವಾಗ ಅದನ್ನು ಕಲಿಯಲು ಹೋಗಬೇಡಿ.

ಅಂದ ಹಾಗೆ, ಚಾರಣಿಗರಿಗೂ ಆಟಗಾರರಿಗೂ ಮಾರುವ ಅಂಗೈ ಅಗಲದ ಮಿಂಚು ಪತ್ತೆ ಸಾಧನಗಳು ಕಾಕ್‌ಪಿಟ್‌ಗೆ ಆಗುವುದಿಲ್ಲ. ಅವು ಸಾಮಾನ್ಯವಾಗಿ ದಿಕ್ಕು ಹೇಳುವುದಿಲ್ಲ. ಎಂಜಿನ್ನಿನ ವಿದ್ಯುತ್ ಗದ್ದಲದಲ್ಲಿ ಅವಕ್ಕೆ ತಲೆ ಕೆಡುತ್ತದೆ.

ಹಂತ 2: ಆಂಟೆನಾ ಎಲ್ಲಿ ಕೂರಬೇಕು?

ನನ್ನ ಲೆಕ್ಕದಲ್ಲಿ ಇದು ಅತಿ ಮುಖ್ಯವಾದ ಹಂತ. "ಈ ಡಬ್ಬಿ ಸುಮ್ನೆ ಸುಳ್ಳು ಹೇಳುತ್ತೆ ಮಾರಾಯ್ರೇ" ಅಂತ ಬೈಸಿಕೊಳ್ಳುವ ಉಪಕರಣಗಳಲ್ಲಿ ಎಷ್ಟೋ ಸಲ ತಪ್ಪು ಇರುವುದು ಡಬ್ಬಿಯಲ್ಲಲ್ಲ, ಆಂಟೆನಾ ಕೂರಿಸಿದ ಜಾಗದಲ್ಲಿ.

ವಿಮಾನವೇ ಒಂದು ಗದ್ದಲದ ಮನೆ. ಆಲ್ಟರ್ನೇಟರ್, ರೆಕ್ಕೆ ತುದಿಯ ಸ್ಟ್ರೋಬ್ ದೀಪ, ನೆಲದ ರಾಡಾರಿಗೆ ಗುರುತು ಹೇಳುವ ಟ್ರಾನ್ಸ್‌ಪಾಂಡರ್, ಆಟೊಪೈಲಟ್‌ನ ಟ್ರಿಮ್ ಮೋಟಾರು ಎಲ್ಲವೂ ಸಣ್ಣ ಸಣ್ಣ ಮಿಂಚಿನ ಹಾಗೆ ಕಿಡಿ ಸದ್ದು ಮಾಡುತ್ತವೆ. ಆದ್ದರಿಂದ ರಂಧ್ರ ಕೊರೆಯುವ ಮೊದಲು ಮೆಕ್ಯಾನಿಕ್ ವಿಮಾನದ ಮೈಮೇಲೆ ಪರೀಕ್ಷೆಯ ಆಂಟೆನಾ ಇಟ್ಟು, ಎಂಜಿನ್ ಓಡಿಸಿ, ಒಂದೊಂದೇ ಉಪಕರಣ ಹಚ್ಚಿ ಆರಿಸಿ ನೋಡಬೇಕು. ಹೊಟ್ಟೆಯ ಅಡಿಯೋ ಬೆನ್ನ ಮೇಲೋ, ಎಲ್ಲಿ ಅತ್ಯಂತ ಮೌನವೋ ಅಲ್ಲಿ ಕೂರಿಸಬೇಕು. ಇದಕ್ಕೆ ಸ್ಕಿನ್ ಮ್ಯಾಪಿಂಗ್ ಅನ್ನುತ್ತಾರೆ. ಹಳೆಯ ಆಂಟೆನಾದ ರಂಧ್ರ ಖಾಲಿ ಇದೆ, ಅಲ್ಲೇ ಹಾಕಿಬಿಡೋಣ ಅಂತ ಯಾರಾದರೂ ಅಂದರೆ ಒಪ್ಪಬೇಡಿ.

ಮೆಕ್ಯಾನಿಕ್ ಹತ್ತಿರ ನಾಲ್ಕು ವಿಷಯ ಕೇಳಿ.

ಆಂಟೆನಾ ಮೇಲಿದೆಯೋ ಕೆಳಗಿದೆಯೋ ಅಂತ ಡಬ್ಬಿಗೆ ತಿಳಿಸಿದ್ದೀರಾ? ಡಬ್ಲ್ಯುಎಕ್ಸ್-500ರಂಥ ಉಪಕರಣದಲ್ಲಿ ಅದಕ್ಕೊಂದು ಹೊಂದಿಕೆ ಇದೆ. ಅದು ತಪ್ಪಿದರೆ ಕನ್ನಡಿಯಲ್ಲಿ ನೋಡಿದ ಹಾಗೆ ಎಡ ಬಲ ಅದಲು ಬದಲಾಗುತ್ತದೆ. ಮೋಡ ಬಲಕ್ಕಿದ್ದರೆ ಚುಕ್ಕಿ ಎಡಕ್ಕೆ. ನೀವು ಜಾಣತನದಿಂದ ಬಲಕ್ಕೆ ತಿರುಗುತ್ತೀರಿ. ಇದಕ್ಕಿಂತ ಕೆಟ್ಟ ತಪ್ಪು ಇನ್ನೊಂದಿಲ್ಲ.

ಹೆಡಿಂಗ್, ಅಂದರೆ ವಿಮಾನದ ಮೂತಿ ಯಾವ ದಿಕ್ಕಿಗಿದೆ ಅನ್ನುವ ಮಾಹಿತಿ, ಡಬ್ಬಿಗೆ ಹೋಗುತ್ತಿದೆಯಾ? ಹೋಗುತ್ತಿದ್ದರೆ ವಿಮಾನ ತಿರುಗಿದಾಗ ಹಳೆಯ ಚುಕ್ಕಿಗಳೂ ತಾವಾಗಿ ಸರಿಯಾದ ಜಾಗಕ್ಕೆ ಸರಿಯುತ್ತವೆ. ಇಲ್ಲದಿದ್ದರೆ ಪ್ರತಿ ತಿರುವಿನ ನಂತರ ಪರದೆ ಅಳಿಸಿ ಹೊಸದಾಗಿ ಕಾಯಬೇಕು.

ಮೈಕ್ ಒತ್ತಿದಾಗ ಡಬ್ಬಿ ಕಿವಿ ಮುಚ್ಚಿಕೊಳ್ಳುವಂತೆ ತಂತಿ ಹಾಕಿದ್ದೀರಾ? ನಿಮ್ಮದೇ ರೇಡಿಯೊ ಮಾತು ಮಿಂಚಾಗಿ ಕಾಣದಿರಲು ಇದು ಬೇಕು. ಇದಕ್ಕೊಂದು ಅಡ್ಡ ಪರಿಣಾಮವೂ ಇದೆ, ಮುಂದೆ ಹೇಳುತ್ತೇನೆ.

ಕೊನೆಯದಾಗಿ, ರೆಕ್ಕೆ ಬಾಲಗಳ ಲೋಹದ ಜೋಡಣೆ ಪಟ್ಟಿಗಳೂ ಸ್ಥಾಯಿ ವಿದ್ಯುತ್ತು ಹೊರಬಿಡುವ ಕಡ್ಡಿಗಳೂ ಸರಿಯಿವೆಯಾ? ಮಳೆಯಲ್ಲೋ ಮಂಜಿನಲ್ಲೋ ಹಾರುವಾಗ ವಿಮಾನದ ಮೈಮೇಲೆ ವಿದ್ಯುತ್ತು ಸೇರಿಕೊಳ್ಳುತ್ತದೆ. ಅದು ಸರಿಯಾಗಿ ಹೊರಹೋಗದಿದ್ದರೆ ಪರದೆಯ ತುಂಬ ಸುಳ್ಳು ಚುಕ್ಕಿಗಳು.

ಹಂತ 3: ಹೊರಡುವ ಮುನ್ನ

ಹವಾಮಾನ ವರದಿ ಮೊದಲು, ಉಪಕರಣ ಆಮೇಲೆ. ಮುನ್ಸೂಚನೆಯಲ್ಲಿ ಗುಡುಗು ಮಳೆಯ ಸಾಲೇ ಇದ್ದರೆ ಯಾವ ಡಬ್ಬಿಯೂ ನಿಮ್ಮನ್ನು ದಾಟಿಸುವುದಿಲ್ಲ.

ಉಪಕರಣ ಹಚ್ಚಿದ ಕೂಡಲೇ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ಅದು ಮುಗಿಯುವವರೆಗೆ ಕಾಯಿರಿ. ಹ್ಯಾಂಗರ್ ಪಕ್ಕದಲ್ಲಿ ನಿಂತಾಗ ಚುಕ್ಕಿಗಳು ಕಂಡರೆ ಗಾಬರಿ ಬೇಡ. ವಿದ್ಯುತ್ ತಂತಿ, ವೆಲ್ಡಿಂಗ್, ಟ್ಯೂಬ್‌ಲೈಟ್ ಇವೆಲ್ಲ ಕಾರಣ ಇರಬಹುದು. ಬಯಲಿಗೆ ಬಂದ ಮೇಲೆ ಅಳಿಸಿ ಮತ್ತೆ ನೋಡಿ.

ಚುಕ್ಕಿ ನಿಜವೋ ಸುಳ್ಳೋ ತಿಳಿಯಲು ಸುಲಭ ಉಪಾಯ ಒಂದಿದೆ. ಟ್ಯಾಕ್ಸಿ ಮಾಡುವಾಗ, ಅಂದರೆ ನೆಲದ ಮೇಲೆ ಓಡಿಸುವಾಗ, ವಿಮಾನ ತಿರುಗುತ್ತದಲ್ಲ, ಆಗ ಗಮನಿಸಿ. ಮೋಡ ಉತ್ತರಕ್ಕಿದ್ದರೆ ನೀವು ಎತ್ತ ತಿರುಗಿದರೂ ಹೊಸ ಚುಕ್ಕಿಗಳು ಉತ್ತರದ ಕಡೆಗೇ ಬೀಳುತ್ತವೆ. ವಿಮಾನದ ಒಳಗಿನ ಗದ್ದಲವಾದರೆ ನೀವು ಎತ್ತ ತಿರುಗಿದರೂ ಚುಕ್ಕಿ ಮೂತಿಯ ಲೆಕ್ಕದಲ್ಲಿ ಒಂದೇ ಕಡೆ, ಉದಾಹರಣೆಗೆ (ಮೂತಿಯನ್ನು ಗಡಿಯಾರದ 12 ಅಂದುಕೊಂಡರೆ) ಸದಾ 4 ಗಂಟೆಯ ದಿಕ್ಕಿನಲ್ಲೇ ಹುಟ್ಟುತ್ತದೆ. ಹಾಗಾದರೆ ಸ್ಟ್ರೋಬ್ ಆರಿಸಿ ನೋಡಿ, ಆಮೇಲೆ ಇನ್ನೊಂದು. ಕಳ್ಳ ಸಿಗುತ್ತಾನೆ. ಕಾಕ್‌ಪಿಟ್‌ಗೆ ಹೊಸ ಉಪಕರಣ ಏನೇ ಹಾಕಿಸಿದರೂ ಈ ಪರೀಕ್ಷೆ ಮತ್ತೆ ಮಾಡಬೇಕು.

ನಂತರ ಪರದೆ ಎಷ್ಟು ದೂರದವರೆಗೆ ತೋರಿಸಬೇಕು ಅನ್ನುವ ಅಳತೆಯನ್ನು 200 ನಾಟಿಕಲ್ ಮೈಲಿಗೆ ಇಟ್ಟು ಒಮ್ಮೆ ಅಳಿಸಿ, ಎರಡು ನಿಮಿಷ ಸುಮ್ಮನೆ ಕೂತು ನೋಡಿ. ನೆಲದ ಮೇಲೆಯೂ ಈ ಕಿವಿ ಕೇಳುತ್ತದೆ. ಚುಕ್ಕಿಗಳು ಬಿದ್ದ ಕಡೆಯನ್ನು ಮುನ್ಸೂಚನೆಯ ಜೊತೆ ಹೋಲಿಸಿ. ಎರಡೂ ಹೊಂದಿಕೆಯಾದರೆ ಉಪಕರಣದ ಮೇಲೆ ನಂಬಿಕೆ ಬರುತ್ತದೆ.

ಹಂತ 4: ಅಳಿಸಿ, ಕಾಯಿರಿ, ಎಣಿಸಿ

ಹಾರುವಾಗಿನ ಇಡೀ ವಿದ್ಯೆ ಅಳಿಸುವ ಗುಂಡಿಯಲ್ಲಿದೆ.

ಪರದೆಯ ತುಂಬ ಚುಕ್ಕಿ ಇದ್ದರೆ ಹೊಸಬರು ಹೆದರುತ್ತಾರೆ. ಖಾಲಿ ಇದ್ದರೆ ಖುಷಿಪಡುತ್ತಾರೆ. ಅನುಭವಿಗಳು ಎರಡೂ ಮಾಡುವುದಿಲ್ಲ. ಗುಂಡಿ ಒತ್ತಿ ಅಳಿಸುತ್ತಾರೆ. ಮತ್ತೆ ಎಷ್ಟು ಬೇಗ ತುಂಬುತ್ತದೆ ಅಂತ ನೋಡುತ್ತಾರೆ. ಅಳಿಸಿದ ಕೆಲವೇ ಸೆಕೆಂಡಿನಲ್ಲಿ ಅದೇ ಜಾಗದಲ್ಲಿ ಗುಂಪು ಕಟ್ಟಿದರೆ ಅಲ್ಲಿ ಮೋಡ ಕುದಿಯುತ್ತಿದೆ. ಒಂದು ನಿಮಿಷಕ್ಕೆ ಒಂದೋ ಎರಡೋ ಬಿದ್ದರೆ, ಮೋಡ ಈಗಷ್ಟೇ ಹುಟ್ಟುತ್ತಿದೆ ಅಥವಾ ಸಾಯುತ್ತಿದೆ. ಯಾವುದು ಅಂತ ಐದು ನಿಮಿಷ ಬಿಟ್ಟು ಮತ್ತೆ ಅಳಿಸಿದರೆ ತಿಳಿಯುತ್ತದೆ. ಕೆಲವು ಉಪಕರಣಗಳು ನಿಮಿಷಕ್ಕೆ ಎಷ್ಟು ಹೊಡೆತ ಅಂತ ಅಂಕಿಯನ್ನೇ ತೋರಿಸುತ್ತವೆ. ಅಂಕಿ ಏರುತ್ತಿದೆಯಾ ಇಳಿಯುತ್ತಿದೆಯಾ ಅನ್ನುವುದೇ ಮುಖ್ಯ, ಅಂಕಿ ಎಷ್ಟು ಅನ್ನುವುದಲ್ಲ.

ಡಬ್ಲ್ಯುಎಕ್ಸ್-500ರಂಥವುಗಳಲ್ಲಿ ಎರಡು ನೋಟಗಳಿವೆ. ಸ್ಟ್ರೈಕ್ ನೋಟದಲ್ಲಿ ಪ್ರತಿ ಹೊಡೆತಕ್ಕೂ ಒಂದು ಚುಕ್ಕಿ. ಸೆಲ್ ನೋಟದಲ್ಲಿ ಹತ್ತಿರದ ಹೊಡೆತಗಳನ್ನು ಒಟ್ಟುಗೂಡಿಸಿ ಮೋಡ ಎಲ್ಲಿರಬಹುದು ಅಂತ ತೋರಿಸುತ್ತದೆ. ಮಿಂಚು ಕಡಿಮೆ ಇದ್ದಾಗ ಮೊದಲನೆಯದು ಒಳ್ಳೆಯದು, ಏಕೆಂದರೆ ಶುರುವಾಗುತ್ತಿರುವ ಮೋಡದ ಮೊದಲ ಒಂದೆರಡು ಹೊಡೆತ ಬೇಗ ಕಣ್ಣಿಗೆ ಬೀಳುತ್ತದೆ. ಪರದೆ ಚುಕ್ಕಿಗಳಿಂದ ಕಿಕ್ಕಿರಿದಾಗ ಎರಡನೆಯದಕ್ಕೆ ಬದಲಾಯಿಸಿ.

ಅಳತೆಯ ವಿಷಯದಲ್ಲಿ ನನ್ನ ಅಭ್ಯಾಸ ಹೀಗಿದೆ. ಹೆಚ್ಚು ಹೊತ್ತು 100ರಲ್ಲಿ, ಆಗಾಗ 200ಕ್ಕೆ, ಖಚಿತ ಮಾಡಿಕೊಳ್ಳಲು 50ಕ್ಕೆ. 25ರ ಅಳತೆಗೆ ಇಳಿಸಿ ದಾರಿ ಹುಡುಕುವ ಪರಿಸ್ಥಿತಿ ಬಂದಿದೆ ಅಂದರೆ ತಿರುಗಬೇಕಾದ ಹೊತ್ತು ಆಗಲೇ ಮೀರಿದೆ. 200ರಲ್ಲಿ ಮಾತ್ರ ಇಟ್ಟುಕೊಂಡು ಕೂತರೂ ಕಷ್ಟ. ದೂರದ ಬೆಟ್ಟ ನುಣ್ಣಗೆ ಕಾಣುವ ಹಾಗೆ ನಾಲ್ಕು ಮೋಡಗಳು ಒಂದು ಚಿಕ್ಕ ಗುಂಪಾಗಿ ಕಾಣುತ್ತವೆ. ರಾಡಾರಿಗೆ ಇಲ್ಲದ ಒಂದು ಸೌಕರ್ಯವೂ ಇಲ್ಲಿದೆ. ಈ ಕಿವಿ ಸುತ್ತಲೂ ಕೇಳುತ್ತದೆ. ವಾಪಸು ಹೋಗೋಣ ಅಂದುಕೊಂಡರೆ ಬೆನ್ನ ಹಿಂದೆ ಹೊಸ ಮೋಡ ಎದ್ದಿದೆಯಾ ಅಂತ ನೋಡಬಹುದು.

ಹಂತ 5: ತಿರುಗುವ ಲೆಕ್ಕ

ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ ಕೊಡುವ ಸಲಹೆ ಪ್ರಸಿದ್ಧ. ತೀವ್ರವಾದ ಗುಡುಗು ಮೋಡದಿಂದ ಕನಿಷ್ಠ 20 ಮೈಲಿ ದೂರವಿರಿ. ಎರಡು ಮೋಡಗಳ ನಡುವೆ ಹೋಗಬೇಕಾದರೆ ಸಂದು 40 ಮೈಲಿ ಇರಬೇಕು ಅಂತ ಇದರಿಂದಲೇ ಗೊತ್ತಾಗುತ್ತದೆ. ಈ 20 ಸುಮ್ಮನೆ ಬಂದದ್ದಲ್ಲ. ಮೋಡದ ಹೊರಗೆ, ಕಮ್ಮಾರನ ಅಡಿಗಲ್ಲಿನಂತೆ ಚಪ್ಪಟೆಯಾಗಿ ಹರಡಿದ ಅದರ ತಲೆಯ ಕೆಳಗೆ, ತಿಳಿ ಗಾಳಿಯಲ್ಲೇ ಮೈಲಿಗಟ್ಟಲೆ ದೂರಕ್ಕೆ ಆಲಿಕಲ್ಲು ಬಿದ್ದದ್ದಿದೆ. ಮೋಡದಿಂದ ಕೆಳಗೆ ಸುರಿದ ತಣ್ಣನೆ ಗಾಳಿ ನೆಲಕ್ಕೆ ಬಡಿದು, ಮಳೆಗಿಂತ 15 ಮೈಲಿ ಮುಂದೆವರೆಗೂ ನುಗ್ಗಬಲ್ಲದು. ಇವೆರಡೂ ಪರದೆಯಲ್ಲಿ ಚುಕ್ಕಿಯಾಗಿ ಕಾಣುವುದಿಲ್ಲ.

ಈಗ ಲೆಕ್ಕ. ವಿಮಾನ 120 ನಾಟ್ ವೇಗದಲ್ಲಿದೆ, ಅಂದರೆ ನಿಮಿಷಕ್ಕೆ 2 ಮೈಲಿ. ಮೂತಿಯ ನೇರಕ್ಕೆ 60 ಮೈಲಿಯಲ್ಲಿ ಚುಕ್ಕಿಗಳ ಗುಂಪು. ಈಗಲೇ 20 ಡಿಗ್ರಿ ತಿರುಗಿದರೆ ಸಾಕು, ಮೋಡವನ್ನು 20 ಮೈಲಿ ದೂರದಿಂದ ದಾಟುತ್ತೀರಿ. 30 ಮೈಲಿ ತಲುಪುವವರೆಗೆ ಕಾದರೆ 42 ಡಿಗ್ರಿ ತಿರುಗಬೇಕು. 20 ಮೈಲಿಗೆ ಬಂದಿರೋ, ಪೂರ್ತಿ 90 ಡಿಗ್ರಿ. ಬೇಗ ತಿರುಗಿದ್ದಕ್ಕೆ ದಂಡ ಎಷ್ಟು? 60 ಮೈಲಿ ಓರೆಯಾಗಿ ಹೋಗಿ, ಇನ್ನು 60 ಮೈಲಿಯಲ್ಲಿ ಹಳೆಯ ದಾರಿಗೆ ಮರಳಿದರೆ ಒಟ್ಟು ಹೆಚ್ಚಾಗುವುದು ಸುಮಾರು ಏಳು ಮೈಲಿ. ಮೂರು ನಿಮಿಷ ಚಿಲ್ಲರೆ. ಮೂರು ನಿಮಿಷಕ್ಕೆ ಚೌಕಾಸಿ ಮಾಡುವವರನ್ನು ಕಂಡರೆ ನನಗೆ ಆಶ್ಚರ್ಯವಾಗುತ್ತದೆ.

ದೂರದ ಅಂದಾಜು ತಪ್ಪಬಹುದು ಅಂತ ಆಗಲೇ ಹೇಳಿದೆನಲ್ಲ, ಆದ್ದರಿಂದ 20ಕ್ಕೆ ಸರಿಯಾಗಿ ಗೆರೆ ಹಾಕಬೇಡಿ. ಪರದೆಯ ಲೆಕ್ಕದಲ್ಲಿ 30 ಬಿಡುವುದು ವಾಸಿ.

ಯಾವ ಕಡೆ ತಿರುಗಬೇಕು? ಮೋಡ ಗಾಳಿಯ ಜೊತೆ ಚಲಿಸುತ್ತದೆ. ಗಾಳಿ ಬರುವ ಕಡೆಯಿಂದ, ಅಂದರೆ ಮೋಡದ ಬೆನ್ನ ಹಿಂದಿನಿಂದ ಹಾದುಹೋಗಿ. ಮುಂದಿನಿಂದ ಹೋದರೆ ಮೋಡ ನಿಮ್ಮ ಮೇಲೆಯೇ ಬರುತ್ತದೆ, ಆಲಿಕಲ್ಲೂ ಆ ಕಡೆಗೇ ಜಾಸ್ತಿ.

ನೆಲದಿಂದ ವಿಮಾನ ಸಂಚಾರ ನೋಡಿಕೊಳ್ಳುವ ಕಂಟ್ರೋಲರ್ ಜೊತೆ ಮಾತು ಬೇಗ ಶುರುಮಾಡಿ. "ಹವಾಮಾನದ ಕಾರಣ 20 ಡಿಗ್ರಿ ಬಲಕ್ಕೆ" ಅಂತ ಸ್ಪಷ್ಟವಾಗಿ ಕೇಳಿ. ನಿಮ್ಮ ಪರದೆಯಲ್ಲಿ ಇರುವುದು ಅವರಿಗೆ ಕಾಣುವುದಿಲ್ಲ. ಅವರು ತಾವಾಗಿಯೇ ಎಚ್ಚರಿಸುತ್ತಾರೆ ಅಂತ ಕಾಯಲೂಬಾರದು. ಸ್ಕಾಟ್ ಕ್ರಾಸ್‌ಫೀಲ್ಡ್ ಹೆಸರು ಕೇಳಿರಬಹುದು. 1953ರಲ್ಲಿ ಶಬ್ದದ ಎರಡು ಪಟ್ಟು ವೇಗವನ್ನು ಮೊದಲು ದಾಟಿದ ಪೈಲಟ್. 2006ರ ಏಪ್ರಿಲ್ 19ರಂದು ತಮ್ಮ ಸೆಸ್ನಾ 210ರಲ್ಲಿ ಒಬ್ಬರೇ ಹೋಗುತ್ತಿದ್ದಾಗ ಜಾರ್ಜಿಯಾದ ಮೇಲೆ ಭಾರೀ ಗುಡುಗು ಮೋಡದೊಳಗೆ ಸಿಕ್ಕಿ ತೀರಿಕೊಂಡರು. ದಾರಿಯಲ್ಲಿ ಹೊಸ ಹವಾಮಾನ ಮಾಹಿತಿ ಪಡೆಯದಿದ್ದದ್ದು, ಕಂಟ್ರೋಲರ್ ತಪ್ಪಿಸಿಕೊಳ್ಳಲು ನೆರವು ನೀಡದಿದ್ದದ್ದು, ಎರಡನ್ನೂ ಎನ್‌ಟಿಎಸ್‌ಬಿ ಕಾರಣವಾಗಿ ಬರೆಯಿತು. ಅಂಥ ಅನುಭವಿಗೇ ಹೀಗಾಗಿದ್ದರೆ ವಾರಕ್ಕೊಮ್ಮೆ ಹಾರುವ ನಮ್ಮಂಥವರ ಮಾತೇನು?

ಹಂತ 6: ಖಾಲಿ ಪರದೆಯನ್ನು ಓದುವುದು

ಚುಕ್ಕಿ ಇದ್ದಲ್ಲಿ ಅಪಾಯ ಇದೆ, ಸರಿ. ಚುಕ್ಕಿ ಇಲ್ಲದಲ್ಲಿ ಅಪಾಯ ಇಲ್ಲವಾ? ಹಾಗಂತ ಉಪಕರಣ ಎಲ್ಲೂ ಹೇಳಿಲ್ಲ.

ಮೋಡ ಮಂಜಿನ ಹರಳುಗಳಾಗುವ ಎತ್ತರಕ್ಕೆ ಇನ್ನೂ ಬೆಳೆದಿಲ್ಲದಿದ್ದರೆ ಮಿಂಚಿರುವುದಿಲ್ಲ. ಹೂಕೋಸಿನ ಹಾಗೆ ಉಬ್ಬುತ್ತಿರುವ ಆ ಮೋಡದೊಳಗೆ ಏರುಗಾಳಿ ಮಾತ್ರ ಜೋರಾಗಿಯೇ ಇರುತ್ತದೆ. ಸಾಯುತ್ತಿರುವ ಮೋಡದಲ್ಲಿ ಮಿಂಚು ನಿಂತಿರಬಹುದು, ಇಳಿಗಾಳಿ ನಿಂತಿರುವುದಿಲ್ಲ. ಮಳೆ ನೆಲ ಮುಟ್ಟುವ ಮುಂಚೆಯೇ ಆವಿಯಾಗಿ ಹೋಗುವ ಮೋಡದಿಂದ, ಗುಡುಗು ಮಿಂಚು ಏನೂ ಇಲ್ಲದೆ, ಬಲವಾದ ಇಳಿಗಾಳಿ ಸುರಿಯಬಹುದು. ಸುಮ್ಮನೆ ಧೋ ಎಂದು ಸುರಿಯುವ ಮಳೆ ಮೋಡಗಳಲ್ಲೂ ಮಿಂಚು ಅಪರೂಪ. ಇವೆಲ್ಲವನ್ನೂ ಕಣ್ಣಿನಿಂದಲೇ ತಪ್ಪಿಸಬೇಕು. ಕಣ್ಣಿಗೆ ಕಾಣದಂತೆ ಬೇರೆ ಮೋಡಗಳ ನಡುವೆ ಅವಿತಿದ್ದರೆ, ಆ ಮೋಡಗಳ ಒಳಗೆ ಹೋಗಲೇಬಾರದು.

ಇನ್ನೊಂದು ಕಾರಣ ತೀರಾ ಸಣ್ಣದು. ಮೈಕಿನ ಗುಂಡಿ ಸಿಕ್ಕಿಹಾಕಿಕೊಂಡಿದ್ದರೆ ಡಬ್ಬಿ ಕಿವಿ ಮುಚ್ಚಿಕೊಂಡೇ ಕೂತಿರುತ್ತದೆ. ಕಿಟಕಿಯಾಚೆ ಮಿಂಚು ಹೊಡೆಯುತ್ತಿದ್ದರೂ ಪರದೆ ಶುಭ್ರ. ರೇಡಿಯೊದಲ್ಲಿ ಬಹಳ ಹೊತ್ತು ಯಾರ ದನಿಯೂ ಬಂದಿಲ್ಲ, ಪರದೆಯೂ ಖಾಲಿ ಅನ್ನಿಸಿದರೆ ಮೊದಲು ಮೈಕ್ ನೋಡಿ.

ರಾಡಾರ್ ಇದ್ದರೆ ಚಿಂತೆ ಇಲ್ಲ ಅನ್ನುವವರಿಗೂ ಒಂದು ಮಾತು. ರಾಡಾರ್ ನೋಡುವುದು ಮಳೆಯನ್ನು. ಎದುರಿನ ದಟ್ಟ ಮಳೆ ರಾಡಾರಿನ ಶಕ್ತಿಯನ್ನೆಲ್ಲ ನುಂಗಿಬಿಟ್ಟರೆ ಅದರ ಹಿಂದಿರುವುದು ಕಾಣುವುದೇ ಇಲ್ಲ. 1977ರ ಏಪ್ರಿಲ್ 4ರಂದು ಸದರ್ನ್ ಏರ್‌ವೇಸ್‌ನ 242ನೇ ವಿಮಾನ, ಒಂದು ಡಿಸಿ-9 ಪ್ರಯಾಣಿಕ ಜೆಟ್, ಗುಡುಗು ಮೋಡದೊಳಗೆ ಹೋಗಿ ನೀರು ಆಲಿಕಲ್ಲು ನುಂಗಿ ಎರಡೂ ಎಂಜಿನ್ ಕಳೆದುಕೊಂಡಿತು. ಮೋಡಗಳನ್ನು ಹಾಯಲು ಕ್ಯಾಪ್ಟನ್ ವಿಮಾನದ ರಾಡಾರ್ ಅನ್ನೇ ನೆಚ್ಚಿಕೊಂಡದ್ದನ್ನೂ ತನಿಖೆ ಒಂದು ಕಾರಣವಾಗಿ ಎಣಿಸಿತು. ಮಿಂಚಿನ ಉಪಕರಣವೂ ರಾಡಾರೂ ಎರಡೂ ಇದ್ದರೆ, ಯಾವುದು "ಬೇಡ" ಅನ್ನುತ್ತದೋ ಅದರ ಮಾತು ಕೇಳಿ.

ಹಂತ 7: ಆದರೂ ಒಳಗೆ ಸಿಕ್ಕಿಬಿದ್ದರೆ

ಇಲ್ಲಿ ಉಪಕರಣದ ಕೆಲಸ ಇಲ್ಲ. ಪರದೆ ನೋಡುತ್ತ ಕೂರಬೇಡಿ. ವೇಗವನ್ನು, ಕುಲುಕಾಟದಲ್ಲಿ ಹಾರಲು ವಿಮಾನದ ಆಗಿನ ತೂಕಕ್ಕೆ ಹೇಳಿದ ವೇಗಕ್ಕೆ ಇಳಿಸಿ. ರೆಕ್ಕೆ ಸಮವಾಗಿಡಿ. ಎತ್ತರ ಏರಿಳಿದರೆ ಏರಿಳಿಯಲಿ, ಅದರ ಜೊತೆ ಗುದ್ದಾಡಬೇಡಿ. ಆಟೊಪೈಲಟ್ ಎತ್ತರ ಹಿಡಿಯುವುದನ್ನು ತೆಗೆಯಿರಿ. ವೇಗ ಅಳೆಯುವ ಕೊಳವೆ ಹೆಪ್ಪುಗಟ್ಟದಂತೆ ಬಿಸಿಮಾಡುವ ಪಿಟೊ ಹೀಟ್ ಹಚ್ಚಿ. ಮಿಂಚಿಗೆ ಕಣ್ಣು ಕತ್ತಲಿಡದಂತೆ ಒಳಗಿನ ದೀಪಗಳನ್ನು ಪೂರ್ತಿ ಹೆಚ್ಚಿಸಿ. ಹಿಂದಕ್ಕೆ ತಿರುಗಬೇಡಿ, ನೇರ ಹೋಗಿ. ತಿರುಗುವಾಗ ವಿಮಾನದ ಮೇಲೆ ಒತ್ತಡ ಹೆಚ್ಚುತ್ತದೆ, ಮೋಡದೊಳಗೆ ಕಳೆಯುವ ಹೊತ್ತೂ ಹೆಚ್ಚುತ್ತದೆ.

ವಿಮಾನಕ್ಕೆ ಸಿಡಿಲು ಬಡಿಯುವ ಸಾಧ್ಯತೆ ಹೆಚ್ಚಿರುವುದು ಹೊರಗಿನ ತಾಪ ಸೊನ್ನೆಗಿಂತ 5 ಡಿಗ್ರಿ ಮೇಲೆ ಕೆಳಗೆ ಇರುವ ಎತ್ತರದಲ್ಲಿ. ಬಡಿದದ್ದು ಖಚಿತವಾದರೆ, ಎಲ್ಲವೂ ಸರಿಯಾಗಿದೆ ಅನ್ನಿಸಿದರೂ ಇಳಿದ ಮೇಲೆ ಮೆಕ್ಯಾನಿಕ್‌ಗೆ ತೋರಿಸದೆ ಮತ್ತೆ ಹಾರಬೇಡಿ. ದಿಕ್ಸೂಚಿ ತಪ್ಪು ತೋರಿಸಬಹುದು, ರೆಕ್ಕೆ ತುದಿಯಲ್ಲಿ ಸಣ್ಣ ಸುಟ್ಟ ತೂತುಗಳಿರಬಹುದು.

ಹಂತ 8: ಅಭ್ಯಾಸ

ಇದನ್ನು ಕಲಿಯಲು ಒಳ್ಳೆಯ ದಿನವೆಂದರೆ ನಿಮ್ಮ ತಲೆಯ ಮೇಲೆ ತಿಳಿ ಆಕಾಶ, 80 ಮೈಲಿ ಆಚೆ ಒಂದೇ ಒಂದು ದೊಡ್ಡ ಮೋಡ ಇರುವ ದಿನ. ಉಪಕರಣ ಎಷ್ಟು ದೂರ ಅನ್ನುತ್ತದೆ ಬರೆದುಕೊಳ್ಳಿ. ಆಮೇಲೆ ನೆಲದ ರಾಡಾರ್ ಚಿತ್ರದ ಜೊತೆ ಹೋಲಿಸಿ. ಹತ್ತು ಸಲ ಹೀಗೆ ಮಾಡಿದರೆ ನಿಮ್ಮ ಡಬ್ಬಿ ಹತ್ತಿರ ತೋರಿಸುವ ಚಾಳಿಯದೋ ದೂರ ತೋರಿಸುವ ಚಾಳಿಯದೋ ಗೊತ್ತಾಗುತ್ತದೆ. ನನ್ನ ಪುಸ್ತಕದಲ್ಲಿ ಇಂಥ ಎರಡು ಪುಟಗಳಿವೆ. ಕೈಪಿಡಿಗಿಂತ ಹೆಚ್ಚಾಗಿ ನಾನು ತಿರುವಿ ಹಾಕುವುದು ಅವನ್ನೇ.

ಇಳಿದ ಮೇಲೆ ಎಂಜಿನ್ ಆರಿಸುವ ಮುನ್ನ ಇನ್ನೊಂದು ಸಲ 200ಕ್ಕೆ ತಿರುಗಿಸಿ, ಅಳಿಸಿ, ಒಂದು ನಿಮಿಷ ಕಾಯಿರಿ. ಗಾಳಿ ಬರುವ ಕಡೆ ಚುಕ್ಕಿಗಳು ಗುಂಪುಗಟ್ಟುತ್ತಿದ್ದರೆ ಚಹಾ ಆಮೇಲೆ ಕುಡಿಯಬಹುದು. ಮೊದಲು ವಿಮಾನವನ್ನು ಹ್ಯಾಂಗರ್ ಒಳಗೆ ತಳ್ಳಿ. ಜಾಗ ಇಲ್ಲದಿದ್ದರೆ ರೆಕ್ಕೆ ಬಾಲಗಳ ಹಗ್ಗ ಬಿಗಿದು, ಕಂಟ್ರೋಲ್ ಲಾಕ್ ಹಾಕಿ ಬನ್ನಿ.